ನೂರ ನಲವತ್ತನೆಯ ಭಾನುವಾರ

ಕೋಪ ಬಂದಾಗ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಕೆಲವರು ತಟ್ಟೆ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಮ್ಮ ಬೀದಿಯ ಒಬ್ಬ ಹಿರಿಯರು ಸ್ಕೂಟರ್ ಹತ್ತಿ, ಹಾರನ್ ಒತ್ತಿ ಹಿಡಿದುಕೊಂಡೇ ಸಿದ್ಧಾರ್ಥನಗರಕ್ಕೆ ಎರಡು ಸುತ್ತು ಹಾಕಿ ಬಂದು ತಣ್ಣಗಾಗುತ್ತಾರೆ. ನಾನು ಲೆಕ್ಕ ಮಾಡುತ್ತೇನೆ. ಎದುರಿಗಿರುವವರ ತಪ್ಪನ್ನು ಅಂಕಿಗಳಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಉತ್ತರವನ್ನು ಅವರ ಮುಖಕ್ಕೆ ಹಿಡಿದಾಗ ನನಗೆ ಸಿಗುವ ಸಮಾಧಾನ ತಟ್ಟೆ ಎಸೆದವರಿಗೆ ಸಿಗಲಾರದು. ತಟ್ಟೆಯಾದರೆ ಮತ್ತೆ ಎತ್ತಿಡಬೇಕು, ನೆಲ ಒರೆಸಬೇಕು. ಲೆಕ್ಕಕ್ಕೆ ಆ ತಾಪತ್ರಯವಿಲ್ಲ. ಕೋಪದಲ್ಲಿ ಮಾಡಿದ ಲೆಕ್ಕ ತಪ್ಪಾಗುತ್ತದೆ ಎಂದು ನನ್ನ ಹೆಂಡತಿ ಗೌರಿ ಆಗಾಗ ಹೇಳುವುದುಂಟು. ಹಾಗೆ ಹೇಳಿದಾಗ ನನಗೆ ಇನ್ನಷ್ಟು ಕೋಪ ಬರುತ್ತದೆ, ಇನ್ನಷ್ಟು ಲೆಕ್ಕ ಮಾಡುತ್ತೇನೆ. ಈಗ ಹೇಳಹೊರಟಿರುವುದು ಅಂಥ ಒಂದು ಲೆಕ್ಕದ ಸಂಗತಿ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಎನ್ನುವುದು ಮಾತ್ರ ಮೊದಲಿನಷ್ಟು ಸ್ಪಷ್ಟವಾಗಿಲ್ಲ.

ನಾವು ಮೂವರು ಒಡಹುಟ್ಟಿದವರು. ನಾನು ಹಿರಿಯ. ಊರಿಗೆ ನೀರೆತ್ತುವ ಒಂದು ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದೇನೆ. ಅವ್ವ ನನ್ನ ಜೊತೆಯಲ್ಲೇ ಸಿದ್ಧಾರ್ಥನಗರದ ಮನೆಯಲ್ಲಿದ್ದಾಳೆ. ತಂಗಿ ಮಂಗಳ ಉದಯಗಿರಿಯಲ್ಲಿದ್ದಾಳೆ, ಅಲ್ಲಿಯೇ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನರ್ಸು. ತಮ್ಮ ಸಿದ್ದರಾಜು ಮಂಡಕಳ್ಳಿಯ ವಿಮಾನ ನಿಲ್ದಾಣದ ಕಡೆ ಒಂದು ಗೋದಾಮಿನ ಕಾವಲಿಗಿದ್ದಾನೆ. ವಿಮಾನ ಎಣಿಸುವುದಕ್ಕೆ ನಿನಗೆ ಸಂಬಳವೇ ಎಂದು ನಾನು ರೇಗಿಸುತ್ತೇನೆ. 'ಎಣಿಸೋವಷ್ಟು ಎಲ್ಲಿ ಇಳೀತವೆ ಬುಡಣ್ಣ' ಎಂದು ಅವನು ನಗುತ್ತಾನೆ. ಮೂವರೂ ಇದೇ ಮೈಸೂರಿನಲ್ಲಿದ್ದೇವೆ, ಯಾರೂ ಯಾರಿಂದಲೂ ಮುನಿಸಿಕೊಂಡು ದೂರ ಹೋದವರಲ್ಲ. ಆದರೂ ಮೂವರು ಒಟ್ಟಿಗೆ ಒಂದು ಮನೆಯಲ್ಲಿ ಕೂತು ಉಣ್ಣುವುದು ಅಪರೂಪ. ಕಾರಣ ನಮ್ಮ ನೌಕರಿಗಳು. ನೀರು, ರೋಗ, ಕಳ್ಳ, ಈ ಮೂರಕ್ಕೂ ಭಾನುವಾರವಿಲ್ಲ. ವಾರದ ರಜೆ ಬೇರೆ ಬೇರೆ ದಿನ ಹೇಗೋ ಸಿಗುತ್ತದೆ, ಭಾನುವಾರದ ರಜೆ ಮಾತ್ರ ಸರದಿಯ ಮೇಲೆ ಬರಬೇಕು. ಸರದಿ ತಪ್ಪಿಸಿ ಭಾನುವಾರ ರಜೆ ಬೇಕೆಂದು ಕೇಳಿದರೆ ನಮ್ಮ ಸಾಹೇಬರು 'ಯಾರು ಹೋದರು?' ಎಂದು ಕೇಳುತ್ತಾರೆ. ಯಾರೂ ಹೋಗಿಲ್ಲವೆಂದರೆ ರಜೆಯೂ ಇಲ್ಲ.

ಭಾನುವಾರವೇ ಯಾಕೆ ಬೇಕು ಎಂದು ಕೇಳುವವರಿಗೆ ನಮ್ಮ ಮನೆಯ ವಾರಗಳ ವಿಚಾರ ಗೊತ್ತಿಲ್ಲ. ನಾವು ಮೂವರು ಸೇರುವುದೆಂದರೆ ಬಾಡೂಟ, ಅದರಲ್ಲಿ ಚರ್ಚೆಯೇ ಇಲ್ಲ. ಸೋಮವಾರ ಮಾದಪ್ಪನ ವಾರ, ಅವ್ವ ಬಾಡನ್ನು ಹೊಸಿಲು ದಾಟಲು ಬಿಡುವುದಿಲ್ಲ. ಮಂಗಳವಾರ ಸಿದ್ದರಾಜುವಿನ ಹೆಂಡತಿ ತಿನ್ನುವುದಿಲ್ಲ, ಅದು ಅವಳು ತವರಿನಿಂದ ತಂದ ಹರಕೆ. ಗುರುವಾರ ಗೌರಿಯದು. ಎಂಟು ವರ್ಷದ ಹಿಂದೆ ನಮ್ಮ ಮಗಳು ಚೈತ್ರಾಳಿಗೆ ಜ್ವರ ಬಿಡದಿದ್ದಾಗ ಹಿಡಿದದ್ದು. ಜ್ವರ ಒಂದು ವಾರಕ್ಕೆ ಬಿಟ್ಟಿತು, ಗುರುವಾರ ಇನ್ನೂ ಬಿಟ್ಟಿಲ್ಲ. ಶುಕ್ರವಾರ ಲಕ್ಷ್ಮಿ, ಶನಿವಾರ ತಿಮ್ಮಪ್ಪ. ಉಳಿಯುವುದು ಬುಧವಾರ ಮತ್ತು ಭಾನುವಾರ. ಬುಧವಾರ ನಮ್ಮ ಮೂವರಲ್ಲಿ ಒಬ್ಬರಿಗೂ ರಜೆಯಿಲ್ಲ. ದೇವರುಗಳು ಆರು ದಿನವನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಆಫೀಸಿನವರು ಉಳಿದದ್ದನ್ನು ಕಿತ್ತುಕೊಂಡರೆ ಮನುಷ್ಯ ಯಾವಾಗ ತಿನ್ನಬೇಕು ಎಂದು ನಾನು ಒಮ್ಮೆ ಅವ್ವನ ಮುಂದೆ ಜೋರಾಗಿಯೇ ಕೇಳಿದ್ದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡು ನನ್ನ ಪರವಾಗಿ ತಪ್ಪು ಕೇಳಿಕೊಂಡಳು. ಬುಧವಾರ ಯಾವ ದೇವರದ್ದೂ ಅಲ್ಲವಲ್ಲ, ಲೆಕ್ಕ ತಪ್ಪಿದೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಅಂತೂ ಒಂದು ಭಾನುವಾರ ಮೂವರಿಗೂ ರಜೆ ಬಿತ್ತು. ಯಾರೂ ಎಣಿಸಿರಲಿಲ್ಲ, ತಾನಾಗಿಯೇ ಬಿದ್ದದ್ದು. ಮಂಗಳ ಬೆಳಿಗ್ಗೆಯೇ ಬಂದು ಮಸಾಲೆ ರುಬ್ಬಿದಳು, ಸಿದ್ದರಾಜು ಹೆಂಡತಿ ಮಕ್ಕಳೊಂದಿಗೆ ಬಂದ. ಮುದ್ದೆ, ತಲೆಕಾಲು ಸಾರು, ಕೈಮ ಉಂಡೆ. ಅವ್ವನಿಗೆ ಹಲ್ಲಿಲ್ಲ, ಆದರೂ ಅವಳು ನಮ್ಮ ಎದುರಿಗೆ ಒಂದು ಮಣೆ ಹಾಕಿಕೊಂಡು ಕೂತು, ಮೂರು ತಟ್ಟೆಗಳ ಮೇಲೂ ಕಣ್ಣಿಟ್ಟಿದ್ದಳು. ನಾವೆಲ್ಲ ಐವತ್ತರ ಆಜುಬಾಜಿನವರು. ಅವಳ ಲೆಕ್ಕದಲ್ಲಿ ಇನ್ನೂ ಒಬ್ಬರ ತಟ್ಟೆಯ ಮೂಳೆಗೆ ಇನ್ನೊಬ್ಬರು ಕೈಹಾಕುವವರು. ಕೈತೊಳೆಯುವಾಗ ಅವಳು ಕೇಳಿದಳು: 'ಇನ್ನೊಂದ್ ದಪ ಇಂಗೇ ಮೂರೂ ಜನ ಒಟ್ಗೆ ಕೂರೋದು ಯಾವಾಗ್ಲಾ ಮಗ?'

ಅದಕ್ಕೆ 'ನೋಡೋಣ ಕಣವ್ವ' ಎಂದಿದ್ದರೆ ಆಗಿಹೋಗುತ್ತಿತ್ತು. ಸಿದ್ದರಾಜು ಹಾಗೆಯೇ ಹೇಳಲು ಬಾಯಿ ತೆರೆದಿದ್ದ. ನಾನು ಬಿಡಬೇಕಲ್ಲ? 'ನೋಡೋಣ ಅನ್ನೋದೇನು, ಲೆಕ್ಕ ಹಾಕಿ ಹೇಳ್ತೀನಿ' ಎಂದು ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದೆ. ಮಂಗಳ ಬೆರಳಿಟ್ಟು ಎಣಿಸಿ, 'ಇವತ್ತಿಂದೂ ಸೇರಿ ಐದನೇ ಭಾನುವಾರ ಕಣಣ್ಣ ನಂದು' ಎಂದಳು. ಸಿದ್ದರಾಜು ಎಲೆ ಮಗುಚಿ ಎಣಿಸಿ, 'ನಂದು ಏಳನೇದು' ಎಂದ. ನನ್ನದನ್ನು ನಾನೇ ಎಣಿಸಿದೆ. ಇವತ್ತಿನದು ಒಂದು, ಬರುವುದು ಎರಡು, ಅದರಾಚೆಯದು ಮೂರು, ನಾಲ್ಕನೆಯದು ರಜೆ. ನಾಲ್ಕು, ಐದು, ಏಳು. ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದುಕೊಂಡೆ.

ಇಲ್ಲಿ ನನ್ನ ಏಳನೇ ತರಗತಿಯ ವಿಚಾರ ಹೇಳಬೇಕು. ನಮ್ಮ ಊರಿನ ಶಾಲೆಯಲ್ಲಿ ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ., ಎಂಬ ಪಾಠ ಬಂತು. ಒಂದು ಗಂಟೆ ಹನ್ನೆರಡು ನಿಮಿಷಕ್ಕೊಮ್ಮೆ ಬಾರಿಸುತ್ತದೆ, ಇನ್ನೊಂದು ಹದಿನೆಂಟು ನಿಮಿಷಕ್ಕೊಮ್ಮೆ, ಎರಡೂ ಒಟ್ಟಿಗೆ ಬಾರಿಸುವುದು ಯಾವಾಗ? ನಾನು ಎರಡನ್ನೂ ಗುಣಿಸಿ ಇನ್ನೂರ ಹದಿನಾರು ಎಂದು ಬರೆದೆ. ಮೇಷ್ಟ್ರು ಕಿವಿ ಹಿಡಿದು ಬೋರ್ಡಿನ ಹತ್ತಿರ ನಿಲ್ಲಿಸಿದರು. ಇನ್ನು ಒಡೆಯಲಾರದ ಅಂಕಿಗಳು, ಅಂದರೆ ಅವಿಭಾಜ್ಯಗಳು, ಬರುವ ತನಕ ಎರಡನ್ನೂ ಒಡೆಸಿದರು. ಹನ್ನೆರಡರಲ್ಲಿ ಎರಡು ಎರಡು ಮೂರು, ಹದಿನೆಂಟರಲ್ಲಿ ಎರಡು ಮೂರು ಮೂರು. 'ಇಬ್ಬರಲ್ಲೂ ಇರೋದನ್ನ ಎರಡೂ ಕಡೆಯಿಂದ ಬಾಚ್ಕೋಬೇಡ ಕಣ್ಲಾ. ಯಾರತ್ರ ಜಾಸ್ತಿ ಇದೆಯೋ ಅವರತ್ರ ಮಾತ್ರ ತಗೊ' ಎಂದರು. ಎರಡು ಎರಡು ಸಲ, ಮೂರು ಎರಡು ಸಲ, ಮೂವತ್ತಾರು. ಇಷ್ಟು ಹೇಳುವುದಕ್ಕೆ ಕಿವಿ ಹಿಡಿಯುವ ಅಗತ್ಯವೇನಿತ್ತು? ಆ ಕಿವಿ ಈಗಲೂ ಇನ್ನೊಂದಕ್ಕಿಂತ ತುಸು ಉದ್ದವಾಗಿದೆ ಎಂದು ನನ್ನ ಅನುಮಾನ, ಕ್ಷೌರದವನು ಒಪ್ಪುವುದಿಲ್ಲ. ಅವತ್ತೇ ನಾನು ನಿರ್ಧರಿಸಿದ್ದೆ: ಜೀವನದಲ್ಲಿ ಎಂದಾದರೂ ಲ.ಸಾ.ಅ. ಕಂಡುಹಿಡಿಯುವ ಪ್ರಸಂಗ ಬಂದರೆ ಒಡೆಯದೆ ಗುಣಿಸುವುದಿಲ್ಲ.

ಆ ಪ್ರಸಂಗ ಬರುವುದಕ್ಕೆ ನಲವತ್ತು ವರ್ಷ ಹಿಡಿಯಿತು. ನಾಲ್ಕನ್ನು ಒಡೆದೆ, ಎರಡು ಎರಡು. ಐದು ಒಡೆಯಲಿಲ್ಲ. ಏಳು ಒಡೆಯಲಿಲ್ಲ. ಯಾರಲ್ಲೂ ಸಮನಾದದ್ದು ಏನೂ ಇಲ್ಲ, ಎಲ್ಲವನ್ನೂ ತೆಗೆದುಕೊಳ್ಳಬೇಕು. ಎರಡೆರಡಲ ನಾಲ್ಕು, ನಾಲ್ಕೈದಲಿ ಇಪ್ಪತ್ತು, ಇಪ್ಪತ್ತು ಏಳಲಿ ನೂರ ನಲವತ್ತು. ಕೆಳಗೆ ಎರಡು ಗೆರೆ ಎಳೆದೆ. ನೂರ ನಲವತ್ತು ಭಾನುವಾರಗಳೆಂದರೆ ಎರಡು ವರ್ಷ ಎಂಟು ತಿಂಗಳು. ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂಬ ಹೆಮ್ಮೆಯಲ್ಲಿ ಅದನ್ನು ಎದ್ದು ನಿಂತು ಓದಿದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, 'ಅಷ್ಟೊತ್ಗೆ ನಾನಿರ್ತೀನೋ ಇಲ್ವೋ' ಎಂದಳು. ಮಂಗಳ ತಟ್ಟೆಗಳನ್ನು ಎತ್ತತೊಡಗಿದಳು. ಸಿದ್ದರಾಜುವಿನ ಚಿಕ್ಕ ಮಗ ಮಾತ್ರ ಇನ್ನೊಂದು ಉಂಡೆ ಕೇಳಿದ.

ಅವ್ವನ ಆ ಮಾತು ನನ್ನ ಎದೆಗೆ ನಾಟಿತು. ನನಗೆ ಏನಾದರೂ ಎದೆಗೆ ನಾಟಿದರೆ ಅದು ಕೋಪವಾಗಿ ಹೊರಗೆ ಬರುತ್ತದೆ, ಬೇರೆ ದಾರಿ ಗೊತ್ತಿಲ್ಲ. ಮರುದಿನವೇ ಮಂಗಳಳಿಗೆ ಫೋನು ಮಾಡಿ, ನಿನ್ನ ಸರದಿ ಬದಲಾಯಿಸಿಕೋ ಎಂದೆ. 'ಇರೋದೇ ನಾಲ್ಕು ಜನ ನರ್ಸುಗಳು ಕಣಣ್ಣ, ಯಾರನ್ನ ಕೇಳ್ಲಿ? ನೀನೇ ಬದಲಾಯಿಸ್ಕೊ' ಎಂದಳು. ಅವ್ವನನ್ನು ಇಟ್ಟುಕೊಂಡವನು ನಾನು, ಹಿರಿಯ ನಾನು, ನೀರು ನಿಂತರೆ ಅರ್ಧ ಊರು ಬೈಯುವುದು ನನಗೆ, ನಾನು ಬದಲಾಯಿಸಬೇಕೆ? ಸಿದ್ದರಾಜುವಿಗೆ ಮಾಡಿದರೆ ಅವನೂ, 'ಆರು ಜನ ಗಾರ್ಡುಗಳವ್ರೆ, ಅದ್ರಲ್ಲಿ ನಾನೇ ಕಿರಿಯವ, ನಾನೆಂಗೆ ಕೇಳ್ಲಣ್ಣ' ಎಂದ. ನಾಲ್ಕು ಜನ, ಆರು ಜನ ಎಂದು ಇಬ್ಬರೂ ನನ್ನ ಕಿವಿಯಲ್ಲೇ ಹೇಳಿದರು. ಉದ್ದದ ಕಿವಿಗೂ ಕೇಳಿಸಲಿಲ್ಲ. ನಾನು ಮಂಗಳಳಿಗೆ ಮತ್ತೆ ಫೋನು ಮಾಡಿ ಒಂದು ಮಾತಂದೆ: 'ಬರೋಕೆ ಮನಸ್ಸಿಲ್ದೋರಿಗೆ ಡ್ಯೂಟಿ ಒಂದು ನೆಪ. ಅವ್ವ ಇರೋತನಕ ಬಂದೋಗ್ತಿದ್ದೀಯ, ಆಮೇಲೆ ಅದೂ ಇರಲ್ಲ ಬುಡು.' ಆ ಕಡೆ ಫೋನು ಕಟ್ಟಾಯಿತು. ಆಡಿದ ತಕ್ಷಣ ಅದು ಆಡಬಾರದ ಮಾತು ಎಂದು ತಿಳಿಯಿತು. ವಾಪಸು ತೆಗೆದುಕೊಳ್ಳಲು ಮತ್ತೆ ಫೋನು ಮಾಡಬೇಕಿತ್ತು, ಅದೇ ನನ್ನಿಂದಾಗದ್ದು.

ಅಲ್ಲಿಂದ ಮಂಗಳ ನನಗೆ ಫೋನು ಮಾಡುವುದನ್ನು ನಿಲ್ಲಿಸಿದಳು. ನಾನಿಲ್ಲದ ಹೊತ್ತು ನೋಡಿಕೊಂಡು ಬಂದು ಅವ್ವನನ್ನು ಮಾತಾಡಿಸಿ ಹೋಗುತ್ತಿದ್ದಳಂತೆ. ನಾನು ಮನೆಗೆ ಬಂದಾಗ ಅವ್ವನ ಹತ್ತಿರ ಹೊಸ ಮಾತ್ರೆ ಪೊಟ್ಟಣವೋ ಬಾಳೆಹಣ್ಣೋ ಇರುತ್ತಿತ್ತು, ಯಾರು ತಂದದ್ದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ದಿನ ಅವ್ವ ಕ್ಯಾಲೆಂಡರು ಹಿಡಿದುಕೊಂಡು ಬಂದು, 'ಮಗ, ಇಲ್ಲೊಸಿ ನೋಡು, ನಾನೊಂದು ಎಣ್ಸಿವ್ನಿ' ಎಂದಳು. ನಾನು ಉರಿದುಬಿದ್ದೆ. 'ಅವ್ವ, ಅವಿಭಾಜ್ಯ ಅಂದ್ರೆ ಗೊತ್ತಾ ನಿಂಗೆ? ಇದು ಬೆರಳಲ್ಲಿ ಎಣಿಸೋ ಲೆಕ್ಕ ಅಲ್ಲ, ಸುಮ್ನೆ ಕೂತ್ಕೊ' ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಹೋದಳು. ಅವಳು ಮೂರನೇ ತರಗತಿ ದಾಟಿದವಳಲ್ಲ. ನನ್ನ ಏಳನೇ ತರಗತಿಯ ಜ್ಞಾನವನ್ನು ಅವಳ ಮೇಲೆ ಝಳಪಿಸಿದ ಆ ಗಳಿಗೆ ನೆನೆದರೆ ನನ್ನ ಮೇಲೆ ನನಗೇ ಎರಡು ಬಿಗಿಯಬೇಕು ಅನ್ನಿಸುತ್ತದೆ.

ಇದೇ ದಿನಗಳಲ್ಲಿ ಪಂಪ್‌ಹೌಸಿನ ರಂಗಸ್ವಾಮಿ ನನ್ನ ಹತ್ತಿರ ಬಂದ. ಅವನೂ ಆಪರೇಟರೇ, ನನಗಿಂತ ಚಿಕ್ಕವನು. ನನ್ನ ರಜೆಯ ಮುಂದಿನ ಭಾನುವಾರ ಅವನ ರಜೆ. ಅವನ ಹೆಂಡತಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಅವಳ ಭಾನುವಾರದ ರಜೆ ಸರಿಯಾಗಿ ನನ್ನ ಸರದಿಯ ದಿನವೇ ಬೀಳುತ್ತದಂತೆ. 'ಅಣ್ಣ, ನಿಮ್ಮ ಸರದಿ ನಂಗೆ ಕೊಟ್ಟು ನಂದು ನೀವು ತಗೊಳ್ಳಿ, ಪರ್ಮನೆಂಟಾಗಿ' ಎಂದು ಬೇಡಿಕೊಂಡ. ಬೇರೆ ಸಮಯವಾಗಿದ್ದರೆ ಯೋಚಿಸುತ್ತಿದ್ದೆ. ಆಗ ನನ್ನ ತಲೆಯಲ್ಲಿ ನೂರ ನಲವತ್ತು ಕುಣಿಯುತ್ತಿತ್ತು. ಹೇಗೂ ಎರಡು ವರ್ಷ ಎಂಟು ತಿಂಗಳು ಯಾರ ಮುಖವನ್ನೂ ನೋಡುವಂತಿಲ್ಲ, ಯಾವ ಭಾನುವಾರವಾದರೇನು? 'ತಗೊಂಡೋಗೋ, ಎಲ್ಲಾ ತಗೊಂಡೋಗು' ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ಸಾಹೇಬರೂ ಒಪ್ಪಿದರು. ಮನೆಯಲ್ಲಿ ಈ ವಿಷಯ ಹೇಳಲಿಲ್ಲ. ಕೋಪದಲ್ಲಿರುವವನಿಗೆ ಗುಟ್ಟು ಇಟ್ಟುಕೊಳ್ಳುವುದರಲ್ಲೂ ಒಂದು ರುಚಿಯಿರುತ್ತದೆ.

ಸರಿ, ಬಾಡೂಟದ ಭಾನುವಾರದಿಂದ ಮೂರು ತಿಂಗಳಾಗುತ್ತ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಯೂನಿಫಾರ್ಮ್ ಹಾಕಿಕೊಂಡು ಹೊರಟೆ. ಅವ್ವ ಬಾಗಿಲ ಹತ್ತಿರವೇ ಕೂತಿದ್ದಳು, ಹೊಸ ಸೀರೆ ಉಟ್ಟಿದ್ದಳು. 'ಇವತ್ತು ನಿಂಗೆ ರಜೆ ಅಲ್ವೇನ್ಲಾ?' ಎಂದಳು, ಗಾಬರಿಯಾದವಳ ಹಾಗೆ. 'ಬದಲಾಯಿಸ್ಕೊಂಡೆ' ಎಂದೆ. 'ಯಾಕ್ಲಾ? ಇವತ್ತೊಂದಿನ ನಿಂತ್ಕೊ, ಇವತ್ತು...' ಎಂದು ಅವಳು ಶುರುಮಾಡುವಷ್ಟರಲ್ಲಿ ನಾನು ಸ್ಕೂಟರಿಗೆ ಕಿಕ್ ಹೊಡೆದಾಗಿತ್ತು. ಪಂಪ್‌ಹೌಸಿನಲ್ಲಿ ಮೋಟರು ಚಾಲು ಮಾಡಿ, ಗೇಜು ನೋಡಿ ಲಾಗ್ ಬುಕ್ಕಿನಲ್ಲಿ ಬರೆದು ಕೂತೆ. ಹತ್ತು ಗಂಟೆಗೆ ಮೊಬೈಲಿನಲ್ಲಿ ಮಂಗಳ ಎಂದು ಹೆಸರು ಬಂತು. ಮೂರು ತಿಂಗಳಾದ ಮೇಲೆ ಬಂದೆಯಾ, ಬಾ ಎಂದು ಎತ್ತಲಿಲ್ಲ. ಸಿದ್ದರಾಜು ಎಂದು ಬಂತು, ಅದನ್ನೂ ಎತ್ತಲಿಲ್ಲ. ಮತ್ತೆ ಮಂಗಳ. ಮತ್ತೆ ಸಿದ್ದರಾಜು. ಒಟ್ಟು ಏಳು ಸಲ. ಒಂದೊಂದು ಸಲ ಬಿಟ್ಟಾಗಲೂ ನನಗೆ ಗೆದ್ದ ಹಾಗೆ ಆಗುತ್ತಿತ್ತು. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ ತಿಂದು, ಅಲ್ಲೇ ಬೆಂಚಿನ ಮೇಲೆ ಕಾಲು ಚಾಚಿ ಆ ಗೆಲುವನ್ನು ಅನುಭವಿಸಿದೆ.

ಸಂಜೆ ಮನೆಗೆ ಬಂದರೆ ಬಾಗಿಲಿನಿಂದಲೇ ಮಸಾಲೆಯ ವಾಸನೆ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತೊಳೆದು ಬೋರಲು ಹಾಕಿತ್ತು. ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ. ಗೌರಿ ಮುಖ ತಿರುಗಿಸಿಕೊಂಡೇ ಹೇಳಿದಳು: 'ಇಬ್ರೂ ಬಂದಿದ್ರು ರೀ. ನಾಲ್ಕು ಗಂಟೆ ತನಕ ಕಾದ್ರು. ಮಂಗಳ ನಿಮ್ಮ ಪಾಲು ಎತ್ತಿಟ್ಟು ಹೋಗಿದಾಳೆ.' ಅವ್ವ ತನ್ನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದರೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು, ಇವತ್ತು ಹೇಗೆ ಬಂದರು, ಮೂವರೂ ಸೇರುವುದು ನೂರ ನಲವತ್ತನೆಯ ಭಾನುವಾರ ತಾನೇ, ಬಾಡೂಟವಾಗಿ ಹನ್ನೆರಡು ವಾರವಾಗಿದೆ ಅಷ್ಟೆ ಎಂದು ಕೂಗಾಡಿದೆ. ಚೈತ್ರಾ ಎದ್ದು ಹೋಗಿ ಕ್ಯಾಲೆಂಡರ್ ತಂದು ನನ್ನ ಮುಂದಿಟ್ಟಳು. ಅದರಲ್ಲಿ ಅವ್ವ ಬೊಟ್ಟು ಇಟ್ಟಿದ್ದಳು. ಮಂಗಳಳ ರಜೆಗೆ ಅರಿಶಿನದ ಬೊಟ್ಟು, ಸಿದ್ದರಾಜುವಿನದಕ್ಕೆ ಕುಂಕುಮದ್ದು, ನನ್ನದಕ್ಕೆ ಇದ್ದಿಲಿನದು, ನನ್ನ ಸ್ವಭಾವಕ್ಕೆ ತಕ್ಕ ಹಾಗೆ. ಒಂದು ರಜೆಯಿಂದ ಎಣಿಸಿ ಮುಂದಿನ ರಜೆಗೆ ಬೊಟ್ಟಿಟ್ಟು, ಮತ್ತೆ ಆ ಬೊಟ್ಟಿನಿಂದಲೇ ಎಣಿಸಿಕೊಂಡು ಹೋಗಿದ್ದಾಳೆ. ಇವತ್ತಿನ ತಾರೀಖಿನ ಚೌಕದಲ್ಲಿ ಮೂರೂ ಬೊಟ್ಟುಗಳು ಒತ್ತೊತ್ತಾಗಿ ಕೂತಿದ್ದವು.

'ಹಂಗಾದ್ರೆ ನನ್ನ ಲೆಕ್ಕ?' ಎಂದೆ. ಚೈತ್ರಾ ಕ್ಯಾಲೆಂಡರನ್ನು ಮಗುಚಿ ನನ್ನ ಎರಡು ಗೆರೆಗಳನ್ನು ನೋಡಿದಳು. 'ಅಪ್ಪ, ನಿಮ್ಮ ಪಂಪ್‌ಹೌಸಲ್ಲಿ ಎಷ್ಟು ಜನ ಆಪರೇಟರ್ಸ್ ಇದ್ದೀರ?' ಎಂದು ಕೇಳಿದಳು. ಮೂವರು ಎಂದೆ. 'ಭಾನುವಾರಕ್ಕೆ ಒಬ್ಬರಿಗೆ ರಜೆ ಅಲ್ವಾ? ಮೂರು ಜನ ಸರದಿಯಲ್ಲಿ ತಗೊಂಡ್ರೆ ಮೂರು ವಾರಕ್ಕೊಂದು ಬರುತ್ತೆ. ಈ ನಾಲ್ಕು ಎಲ್ಲಿಂದ ಬಂತು?'

ಎಲ್ಲಿಂದ ಬಂತೆಂದರೆ ನಮ್ಮ ವಂಶದಿಂದ ಬಂತು. ನಾವು ಶುರುವಾದ ದಿನವನ್ನು ಬಿಟ್ಟು ಎಣಿಸುವ ಜನವೇ ಅಲ್ಲ. ಕೂಸು ಹುಟ್ಟಿದ ದಿನವೂ ಸೇರಿ ಹನ್ನೊಂದನೇ ದಿನಕ್ಕೆ ತೊಟ್ಟಿಲು, ಮಣ್ಣು ಮಾಡಿದ ದಿನವೂ ಸೇರಿ ಮೂರನೇ ದಿನಕ್ಕೆ ಹಾಲುತುಪ್ಪ. ಈ ಸಂತೆಯಿಂದ ಮುಂದಿನ ಸಂತೆಗೆ ಎಂಟು ದಿನ ಎಂದು ನಮ್ಮಪ್ಪ ಸಾಯುವವರೆಗೂ ಎ‌ಣಿಸಿದ. ಮಂಗಳ 'ಇವತ್ತಿಂದೂ ಸೇರಿ' ಎಂದು ಬಾಯಿಬಿಟ್ಟು ಹೇಳಿದ್ದಳು. ಹಾಗೆ ಎಣಿಸಿದರೂ ಬೊಟ್ಟು ಇಡುವವರಿಗೆ ತೊಂದರೆಯಿಲ್ಲ, ಅವರು ಪ್ರತಿ ಸಲವೂ ಬೊಟ್ಟಿನ ಮೇಲಿನಿಂದ ಹೊಸದಾಗಿ ಶುರುಮಾಡುತ್ತಾರೆ. ಒಡೆದು ಗುಣಿಸಲು ಹೋದವನ ಗತಿ ನನ್ನದು. ನನ್ನ ಮೂರು ನಾಲ್ಕಾಗಿತ್ತು, ಮಂಗಳಳ ನಾಲ್ಕು ಐದಾಗಿತ್ತು, ಸಿದ್ದರಾಜುವಿನ ಆರು ಏಳಾಗಿತ್ತು. ಚೈತ್ರಾ ಪೆನ್ನು ತೆಗೆದುಕೊಂಡು ಸರಿಯಾದದ್ದನ್ನು ಪಕ್ಕದಲ್ಲಿ ಬರೆದಳು. ನನ್ನದು ಮೂರು. ಮಂಗಳಳದು ಎರಡು ಎರಡಲ. ಸಿದ್ದರಾಜುವಿನದು ಎರಡು ಮೂರಲ. ಎರಡನ್ನು ಎರಡು ಸಲ, ಮೂರನ್ನು ಒಂದು ಸಲ ತೆಗೆದುಕೊಂಡರೆ ಹನ್ನೆರಡು. 'ನೋಡಿ, ಅತ್ತೆ ಹತ್ರ ಇರೋ ಎರಡು ಚಿಕ್ಕಪ್ಪನ ಹತ್ರಾನೂ ಇದೆ. ನಿಮ್ಮ ಮೂರು ಚಿಕ್ಕಪ್ಪನ ಆರರ ಒಳಗೇ ಇದೆ' ಎಂದಳು. ನಾನು ಆ ಕಾಗದವನ್ನು ನೋಡುತ್ತ ಕೂತೆ. ಒಬ್ಬರೊಳಗೆ ಒಬ್ಬರು ಇದ್ದವರನ್ನು ನಾನು ಯಾರಿಗೆ ಯಾರೂ ಅಲ್ಲದವರನ್ನಾಗಿ ಮಾಡಿ, ಕೆಳಗೆ ಎರಡು ಗೆರೆ ಎಳೆದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ರಂಗಸ್ವಾಮಿಯ ಜೊತೆ ಸರದಿ ಬದಲಾಯಿಸಿಕೊಂಡದ್ದನ್ನು ಆಗ ಬಾಯಿಬಿಟ್ಟೆ. ನಾಚಿಕೆ ಆದರೆ ಆಯಿತು, ಇನ್ನು ಹನ್ನೆರಡು ವಾರ ತಾನೇ, ಮತ್ತೆ ಸೇರೋಣ ಎಂದೆ. ಚೈತ್ರಾ ಇನ್ನೂ ಏನೋ ಬರೆಯುತ್ತಿದ್ದಳು. 'ನೀವು ರಂಗಸ್ವಾಮಿ ಅಂಕಲ್ ಸರದಿ ತಗೊಂಡಿದೀರಲ್ಲ, ಅಂದ್ರೆ ಒಂದು ವಾರ ಆಚೆಗೆ ಹೋದ್ರಿ. ಬಾಡೂಟದಿಂದ ಲೆಕ್ಕ ಹಾಕಿದ್ರೆ ಈಗ ನಿಮ್ಮ ರಜೆ ಹದಿಮೂರನೇ ವಾರ, ಹದಿನಾರು, ಹತ್ತೊಂಬತ್ತು, ಹಿಂಗೆ ಹೋಗುತ್ತೆ. ಚಿಕ್ಕಪ್ಪಂದು ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತು. ಪ್ರತಿ ಸಲ ಒಂದು ವಾರ ತಪ್ಪುತ್ತೆ.' ಯಾವಾಗ ಸರಿಹೋಗುತ್ತದೆ ಎಂದು ಕೇಳಿದೆ. 'ಯಾವತ್ತೂ ಇಲ್ಲ ಅಪ್ಪ' ಎಂದಳು. ನೂರ ನಲವತ್ತು ಎಂದಾಗ ಅದು ತಪ್ಪೇ ಆಗಿದ್ದರೂ ಕೊನೆಗೊಂದು ಭಾನುವಾರವಾದರೂ ಇತ್ತು. ಈಗ ಸರಿಯಾದ ಲೆಕ್ಕದಲ್ಲಿ ಅದೂ ಇಲ್ಲವಾಯಿತು. ಅವತ್ತು ನನಗೆ ಬಂದ ಕೋಪವನ್ನು ಎಸೆಯಲು ಮನೆಯಲ್ಲಿರುವ ತಟ್ಟೆಗಳು ಸಾಲುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯೇ ರಂಗಸ್ವಾಮಿಯನ್ನು ಹಿಡಿದೆ. ನನ್ನ ಸರದಿ ನನಗೆ ವಾಪಸು ಕೊಡು ಎಂದೆ. ಅವನು ತಲೆ ಕೆರೆದುಕೊಂಡ. 'ಒಂದಿನದ ಮಟ್ಟಿಗೆ ಬೇಕಾದ್ರೆ ನೋಡೋಣ ಅಣ್ಣ, ಪೂರ್ತಿ ಮಾತ್ರ ಕೇಳ್ಬೇಡಿ. ನಾನೂ ಅವಳೂ ಒಂದೇ ಭಾನುವಾರ ಮನೇಲಿದ್ದು ಎಷ್ಟು ವರ್ಷ ಆಗಿತ್ತು ಗೊತ್ತಾ? ನಿನ್ನೆ ಇಬ್ರೂ ಮೆಟ್ಲ ಮೇಲೆ ಕೂತ್ಕೊಂಡು ಎರಡೆರಡು ಸಲ ಕಾಫಿ ಕುಡಿದ್ವಿ ಕಣ್ರೀ' ಎಂದ. ಹೇಳುವಾಗ ಅವನ ಮುಖ ಅರಳಿತ್ತು. ಬೈಯಲು ಸಿದ್ಧಮಾಡಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ನುಂಗಿಕೊಂಡು ಮೋಟರಿನ ಹತ್ತಿರ ಹೋಗಿ ನಿಂತೆ. ನನ್ನ ಕೋಪದಿಂದ ಯಾರಿಗಾದರೂ ಒಳ್ಳೆಯದಾಗಿದ್ದು ಅದೇ ಮೊದಲು, ಅದೂ ಹೊರಗಿನವನಿಗೆ.

ಕೊನೆಗೆ ಮಧ್ಯಾಹ್ನ ಮಂಗಳಳಿಗೆ ಫೋನು ಮಾಡಿದೆ. ತಪ್ಪಾಯಿತು ಎನ್ನಬೇಕೆಂದು ಹೋದೆ, ಬಾಯಿಗೆ ಬಂದದ್ದು 'ಸಾರು ಚೆನ್ನಾಗಿತ್ತು' ಎಂದು. ಅವಳು ಹೂಂ ಎಂದಳು. ಆಮೇಲೆ ನಾನು ಇಡೀ ಲೆಕ್ಕವನ್ನು ಬಿಡಿಸಿ ಹೇಳಿದೆ. ಮೂರು, ಎರಡು ಎರಡಲ, ಎರಡು ಮೂರಲ, ಹನ್ನೆರಡು, ರಂಗಸ್ವಾಮಿ, ಯಾವತ್ತೂ ಇಲ್ಲ. ಕಡೆಗೆ ಅವಳು, 'ಆವತ್ತು ಅಂಗಂದೆಯಲ್ಲಣ್ಣ, ನಾನು ಎಷ್ಟು ದಿನ ಅತ್ತಿದೀನಿ ಗೊತ್ತಾ?' ಎಂದಳು. ತಪ್ಪಾಯ್ತು ಕಣಮ್ಮ ಎಂಬ ಮಾತು ಆಗ ಹೊರಬಂತು. ನಾನು ಹೇಳಿದ್ದೆನೋ ತಾನಾಗಿ ಬಂತೋ ಗೊತ್ತಿಲ್ಲ. ಅವಳು ಮೂಗು ಒರೆಸಿಕೊಂಡ ಸದ್ದಾಯಿತು.

ಆಮೇಲೆ ಅವಳು ಕೇಳಿದಳು: 'ಅಲ್ಲಾ ಕಣಣ್ಣ, ಇವತ್ತು ನಿನ್ನ ಡ್ಯೂಟಿ ಎಷ್ಟೊತ್ಗೆ ಮುಗೀತದೆ?' ಆರು ಗಂಟೆಗೆ ಎಂದೆ. 'ನಂದೂ ಆರಕ್ಕೇ. ರಾಜೂದು ಐದಕ್ಕೇ ಮುಗೀತದೆ. ಅವ್ವನ್ನ ಹಿಂದೆ ಕೂರಿಸ್ಕೊಂಡು ನಮ್ಮನೆಗೆ ಬಂದ್ಬುಡು, ಮಸ್ಸೊಪ್ಪು ಮಾಡಿ ಮುದ್ದೆ ತಿರುವ್ತೀನಿ.' ಇವತ್ತು ಸೋಮವಾರ ಎಂದು ನನ್ನ ಬಾಯಿ ಅಂದುಬಿಟ್ಟಿತು. 'ಸೋಮವಾರ ಆದ್ರೇನು? ಸೊಪ್ಪಿಗೆ ಯಾವ ದೇವ್ರ ಅಡ್ಡಿ? ನಿಂಗೆ ಬೇಕಾಗಿದ್ದು ನಾವಾ, ಬಾಡಾ?' ಎಂದಳು.

ಸಂಜೆ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವಳು ನನ್ನ ಹೆಗಲು ಹಿಡಿದುಕೊಂಡಿದ್ದಳು, ಇನ್ನೂ ಮಾತಾಡಿರಲಿಲ್ಲ. ಸಿಗ್ನಲ್ಲೂ ಸೇರಿ ಹತ್ತು ನಿಮಿಷ ಹಿಡಿಯಿತು, ಗಡಿಯಾರ ನೋಡಿಕೊಂಡೆ. ಸಿದ್ದರಾಜು ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ. ಮೂವರೂ ಗೋಡೆಗೆ ಒರಗಿ ಕೂತೆವು, ಅವ್ವ ಎದುರಿಗೆ ಕೂತಳು. ಮಂಗಳ ಮೊದಲು ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಮಧ್ಯಾಹ್ನ ಅವಳು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ. 'ನೀವೇ' ಎಂದು ಹೇಳಲು ಒಂದು ಕ್ಷಣ ಸಾಕಾಗಿತ್ತು. ಇಡೀ ಮಧ್ಯಾಹ್ನ ನಾನು ಯೋಚಿಸಬೇಕಾಗಿ ಬಂತಲ್ಲ, ಆ ಕೋಪ ಇನ್ನೂ ಇಳಿದಿಲ್ಲ.